ಕರೆಂಟ್ ಕೈಕೊಟ್ಟ ದಿನಗಳ ಲೆಕ್ಕ

ಕೂಡ್ಲಿಗಿಯ ನಮ್ಮ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಗೆಯ ಗುಣಮಟ್ಟ ನೋಡುತ್ತಿದ್ದ ಮೇಡಂ ಒಂದೆಡೆ ನಿಂತವರಲ್ಲ. ಪೆನ್ನಿನ ಮುಚ್ಚಳ ತೆಗೆಯುತ್ತ, ಹಾಕುತ್ತ, "ತಡೀರಿ, ಇನ್ನೊಮ್ಮೆ ನೋಡೂಣು" ಎನ್ನುತ್ತಲೇ ಇರುತ್ತಿದ್ದರು.

ದೊಡ್ಡ ಆರ್ಡರ್ ಕೊಡುವವರು, ನಮ್ಮಲ್ಲಿ ನೂರಕ್ಕೆ ಎಷ್ಟು ಅಂಗಿ ಕೆಡುತ್ತವೆಂದು ಕೇಳಿದ್ದರು. ಕರೆಂಟ್ ಹೋಗಿ ಬಂದಾಗಲೆಲ್ಲ ಮಷೀನು ಜಗ್ಗಿ ಹೊಲಿಗೆ ಹೆಚ್ಚು ಕೆಡುತ್ತಿತ್ತು.

"ಲೆಕ್ಕದಾಗ ಕರೆಂಟ್ ಕೈಕೊಟ್ಟ ದಿನಗಳನ್ನ ಬಿಟ್ಟುಬಿಡ್ರಿ. ಆರ್ಡರ್ ಹೋದ್ರ ಎಲ್ಲಾರ ಕೆಲಸಾನೂ ಹೋಗ್ತತಿ," ಎಂದರು ಮ್ಯಾನೇಜರು.

"ಆ ದಿನಾನೂ ನಾವ ಹೊಲಿದೀವಲ್ರಿ," ಎಂದ ಮೇಡಂ ಎಲ್ಲ ದಿನಗಳ ಕೆಟ್ಟ ಅಂಗಿಗಳ ಲೆಕ್ಕವನ್ನೂ ಗ್ರಾಫಿಗೆ ಹಾಕಿದರು. ಗೆರೆ ಏರಿಳಿಯಿತು. ಆರ್ಡರ್ ಕೊಡಲು ಬಂದವರಿಗೆ ಅದನ್ನೇ ತೋರಿಸಿ, "ಈ ಗೆರಿ ಒಂದು ಮಟ್ಟಕ್ಕ ನಿಲ್ಲೋತನಕ ನೂರಕ್ಕ ಇಷ್ಟ ಕೆಡ್ತಾವ ಅಂತ ಖಾತ್ರಿಯಾಗಿ ಹೇಳಾಕ ಬರಂಗಿಲ್ರಿ," ಎಂದರು.

ಅರ್ಧ ಆರ್ಡರ್ ಮಾತ್ರ ಸಿಕ್ಕಿತು. ಮರುದಿನ ಊಟಕ್ಕೆ ಅವರ ಪಕ್ಕ ಯಾರೂ ಕೂರಲಿಲ್ಲ. ಅವರು ರೊಟ್ಟಿ ಬಿಟ್ಟೆದ್ದು, ಕರೆಂಟ್ ಹೋಗಿ ಮತ್ತೆ ಬಂದಾಗ ಹೊಲಿದಿದ್ದ ಅಂಗಿಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ಹೊಲಿಗೆ ನೋಡತೊಡಗಿದರು.