ತಡವಾಗಿ ಬರುತ್ತಿದ್ದ ಉತ್ತರ

ಮಣಿಪಾಲದ ಒಂದು ಕಚೇರಿಯಲ್ಲಿ ನಾನು ಟೆಲಿಫೋನ್ ಆಪರೇಟರ್ ಆಗಿ ಸೇರಿದ್ದು ತೊಂಬತ್ತರ ದಶಕದ ಕೊನೆಗೆ. ಪರ್ಕಳದಲ್ಲಿ ಒಂದು ಬಾಡಿಗೆ ಕೋಣೆ, ಬೆಳಿಗ್ಗೆ ಸಿಟಿ ಬಸ್ಸು, ಆಮೇಲೆ ಸಂಜೆಯವರೆಗೆ ಕಿವಿಗೆ ಹೆಡ್‌ಫೋನು. ಹೊರಗಿನಿಂದ ಬಂದ ಕರೆಗಳನ್ನು ಒಳಗಿನ ಕೋಣೆಗಳಿಗೆ ಜೋಡಿಸುವುದು ನನ್ನ ಕೆಲಸ. ವಾರಕ್ಕೊಮ್ಮೆ ಕಾಪುವಿನ ಮನೆಗೆ ಹೋದರೆ ಅಲ್ಲಿಯೂ ಫೋನಿನದ್ದೇ ಸುದ್ದಿ. ನಮ್ಮ ಮನೆ ಹೆದ್ದಾರಿಯಿಂದ ಕೆಳಗೆ, ಸಮುದ್ರದ ಕಡೆಗೆ. ಉಪ್ಪುಗಾಳಿಗೆ ತಾಮ್ರದ ತಂತಿಯ ಜೋಡಣೆಗಳೆಲ್ಲ ಹಸಿರುಗಟ್ಟಿ, ರಿಸೀವರಿನಲ್ಲಿ ಸದಾ ಹಪ್ಪಳ ಕರಿದ ಹಾಗೆ ಸದ್ದು. ಲೈನ್‌ಮನ್ ಕಂಬ ಹತ್ತಿ ತಂತಿ ಕೆರೆದು ಹೋದರೆ ಒಂದಷ್ಟು ದಿನ ಸರಿ ಇರುತ್ತಿತ್ತು. ಮತ್ತೆ ಅದೇ.

ಮನೆಯಲ್ಲಿ ಇದ್ದದ್ದು ಅಮ್ಮ ಮತ್ತು ಅಕ್ಕ. ಅಕ್ಕ ಮನೆಯ ಮುಂದಿನ ಚಾವಡಿಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ರವಿಕೆ ಹೊಲಿಯುತ್ತಿದ್ದಳು. ಭಾವ ಗಲ್ಫಿನಲ್ಲಿ ಒಂದು ಗೋದಾಮಿನ ಸ್ಟೋರ್‌ಕೀಪರ್. ಅವರ ಹುಟ್ಟಿದ ಮನೆ ಕಾರ್ಕಳದಲ್ಲಿ. ಶುಕ್ರವಾರ ಅವರಿಗೆ ರಜೆ, ಆ ದಿನ ಫೋನ್ ಬರುತ್ತಿತ್ತು. ಲೈನಿನ ಸದ್ದನ್ನು ಮೀರಿ ಕೇಳಬೇಕೆಂದು ಭಾವ ಅಲ್ಲಿಂದ ಬೊಬ್ಬೆ ಹಾಕುವುದು, ಅಕ್ಕ ಇಲ್ಲಿಂದ ಬೊಬ್ಬೆ ಹಾಕುವುದು. ಗಂಡ ಹೆಂಡತಿಯ ಮಾತು ಪಕ್ಕದ ಮನೆಯ ಬಾವಿಕಟ್ಟೆಗೂ ಕೇಳುತ್ತಿತ್ತು. ಮಾತು ಬೇಗ ಮುಗಿಯುತ್ತಿತ್ತು. ರಿಸೀವರ್ ಇಟ್ಟ ಮೇಲೆ ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, ನಗುತ್ತಾ, ಮತ್ತೆ ಹೊಲಿಗೆಗೆ ಕೂರುತ್ತಿದ್ದಳು.

ಹೊಸ ಶತಮಾನ ಶುರುವಾಗಿ ಕೆಲವು ವರ್ಷಗಳಾದ ಮೇಲೆ ಮನೆಗೆ ಹೊಸ ಕೇಬಲ್ ಬಂದು ಕರಕರ ನಿಂತಿತು, ಆ ಕರೆಗಳೂ ಬದಲಾದವು. ಭಾವ ಈಗ ತುಂಬಾ ಹೊತ್ತು ಮಾತಾಡುತ್ತಿದ್ದರು. ಆದರೆ ಪಿಸುಗುಟ್ಟುತ್ತಿದ್ದರು. ಕೇಳಿದ್ದಕ್ಕೆ ಕೂಡಲೇ ಉತ್ತರ ಬರುತ್ತಿರಲಿಲ್ಲ. ಅಕ್ಕ ಕಾಯುತ್ತಿದ್ದಳು, ಕಾದು ಸಾಕಾಗಿ ಇನ್ನೊಂದು ಮಾತು ತೆಗೆದರೆ ಅಷ್ಟರಲ್ಲಿ ಮೊದಲಿನದರ ಉತ್ತರ ಬಂದು ಎರಡೂ ಡಿಕ್ಕಿ ಹೊಡೆಯುತ್ತಿದ್ದವು. ಇಬ್ಬರೂ ನಿಲ್ಲಿಸುತ್ತಿದ್ದರು. ಮತ್ತೆ ಇಬ್ಬರೂ ಒಟ್ಟಿಗೇ ಶುರು ಮಾಡುತ್ತಿದ್ದರು.

ನಮ್ಮ ಮನೆಯ ಮಾತೆಲ್ಲ ತುಳುವಿನಲ್ಲಿ. ಅಂಥ ಒಂದು ಕರೆಯ ಮೇಲೆ ಅಕ್ಕ ಹೇಳಿದ್ದನ್ನು ಕನ್ನಡದಲ್ಲಿ ಬರೆಯುವುದಾದರೆ ಹೀಗೆ: "ಊಟ ಆಯಿತಾ ಅಂತ ಕೇಳಿದರೂ ಆಲೋಚನೆ ಮಾಡಿ ಹೇಳುತ್ತಾರೆ ಮಾರಾಯ್ತಿ. ಊಟ ಆದದ್ದಕ್ಕೆ ಆಲೋಚನೆ ಎಂತಕ್ಕೆ?"

"ಲೈನು ಸರಿ ಇಲ್ಲದಿರಬಹುದು," ಎಂದೆ.

"ಲೈನು ಸರಿ ಇಲ್ಲದಿದ್ದರೆ ಕರಕರ ಅನ್ನುತ್ತದೆ, ಅಷ್ಟು ನನಗೂ ಗೊತ್ತುಂಟು. ಇದು ಹಾಗಲ್ಲ. ಯಾರೋ ಪಕ್ಕದಲ್ಲಿದ್ದಾರೆ. ಅವರಿಗೆ ಕೇಳಬಾರದು ಅಂತ ಪಿಸುಪಿಸು. ಯಾರು ಅಂತ ಕೇಳಿದರೆ, ಯಾರೂ ಇಲ್ಲ ಅಂತಾರೆ. ಅದನ್ನೂ ತಡೆದು ಹೇಳುತ್ತಾರೆ."

ಅಕ್ಕನಿಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಹೊಲಿದದ್ದನ್ನು ಬಿಚ್ಚುತ್ತಿದ್ದಳು, ಮತ್ತೆ ಹೊಲಿಯುತ್ತಿದ್ದಳು. ಅಂಗಳಕ್ಕೆ ಹೋಗಿ ಗೇಟು ಮುಟ್ಟಿ ವಾಪಸ್ಸು ಬರುತ್ತಿದ್ದಳು. ಅವಳ ಚಡಪಡಿಕೆ ನನಗೂ ಅಂಟಿತು. ಕಚೇರಿಯ ಸ್ವಿಚ್‌ಬೋರ್ಡಿನ ಮುಂದೆ ಕೂತು ಯಾರದ್ದೋ ಕರೆ ಜೋಡಿಸುವಾಗ, ಆಚೆಯವರು ಉತ್ತರಿಸಲು ಚೂರು ತಡ ಮಾಡಿದರೂ ನಾನು ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿಯುತ್ತಿದ್ದೆ.

ಒಂದು ಭಾನುವಾರ ಅಕ್ಕ, "ಕಾರ್ಕಳಕ್ಕೆ ಹೋಗುವ, ಬಾ," ಎಂದಳು. ಇಬ್ಬರೂ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅವಳು ಮಾತಾಡಲಿಲ್ಲ. ಬಸ್ಸು ನಿಂತಲ್ಲೆಲ್ಲ ಇಳಿಯಲು ಎದ್ದವಳ ಹಾಗೆ ಮುಂದಿನ ಸೀಟಿನ ಕಂಬಿ ಹಿಡಿಯುತ್ತಿದ್ದಳು. ಭಾವನ ತಾಯಿ ನಮ್ಮನ್ನು ಕಂಡು ಖುಷಿಪಟ್ಟು ಬೆಲ್ಲ ನೀರು ಕೊಟ್ಟರು. ಅಕ್ಕ ನೀರು ಕುಡಿಯುವ ಮೊದಲೇ ಕೇಳಿದಳು: "ಅತ್ತೆ, ಅವರ ಫೋನ್ ಬರ್ತದಾ ಇಲ್ಲಿಗೆ?"

"ಬರ್ತದಲ್ಲ, ಮೊನ್ನೆಯೂ ಬಂದಿತ್ತು. ಎರಡೇ ಮಾತು. ಆದರೆ ಎಂಥಾ ಸ್ಪಷ್ಟ! ಪಕ್ಕದಲ್ಲಿ ನಿಂತು ಕರೆದ ಹಾಗೆ ಜೋರಾಗಿ ಮಾತಾಡ್ತಾನೆ."

ಅಕ್ಕನ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ತಾಯಿಗೆ ಜೋರಾಗಿ, ಹೆಂಡತಿಗೆ ಪಿಸುಮಾತು. ವಾಪಸ್ಸು ಬರುವಾಗ ಅವಳು, "ಇನ್ನು ನಾನು ಫೋನ್ ತೆಗೆಯುವುದಿಲ್ಲ," ಎಂದಳು. ತೆಗೆಯಲೂ ಇಲ್ಲ. ಶುಕ್ರವಾರ ಫೋನು ಹೊಡೆದುಕೊಳ್ಳುತ್ತಿತ್ತು, ಅಕ್ಕ ಹೊಲಿಗೆ ಯಂತ್ರ ಜೋರಾಗಿ ತುಳಿಯುತ್ತಿದ್ದಳು, ಅಮ್ಮನಿಗೂ ಎದ್ದು ಹೋಗಲು ಬಿಡುತ್ತಿರಲಿಲ್ಲ.

ಆ ಹೊತ್ತಿಗೇ ನಮ್ಮ ಕಚೇರಿಯಲ್ಲಿ ಹಳೆಯ ಲೈನುಗಳನ್ನು ತೆಗೆದು ಇಂಟರ್ನೆಟ್ ಮೇಲೆ ನಡೆಯುವ ಫೋನುಗಳನ್ನು ಹಾಕುವ ಕೆಲಸ ಶುರುವಾಯಿತು. ಜೋಡಿಸಲು ಬಂದವನು ಧಾರವಾಡದ ಕಡೆಯ ಹುಡುಗ. ಒಂದು ಫೋನನ್ನು ನನ್ನ ಮೇಜಿನ ಮೇಲೆ ಇಟ್ಟು, ಇನ್ನೊಂದನ್ನು ಎದುರಿನ ಮೂಲೆಗೆ ಒಯ್ದು, "ಮಾತಾಡ್ರೀ ಮೇಡಂ, ನೋಡೋಣ," ಎಂದ.

"ಹಲೋ," ಎಂದೆ. ಮೂಲೆಯಲ್ಲಿ ಅವನ ತುಟಿ ಅಲುಗಿದ್ದು ಕಂಡಿತು. ರಿಸೀವರಿನಲ್ಲಿ ಏನೂ ಬರಲಿಲ್ಲ. ತುಟಿ ಮುಚ್ಚಿದ ಮೇಲೆ ಅದರೊಳಗಿಂದ "ಕೇಳಸ್ತದೇನ್ರೀ?" ಎಂದು ಅವನ ದನಿ ಬಂತು.

"ಇದು ಯಾಕೆ ಹೀಗೆ?" ಎಂದು ಅಲ್ಲಿಂದಲೇ ಕೂಗಿ ಕೇಳಿದೆ.

"ಇದು ಇನ್ನೂ ಸೆಟ್ ಆಗಿಲ್ರೀ, ಸರಿ ಮಾಡ್ತೀನಿ. ನೆಟ್ ಮ್ಯಾಲೆ ಮಾತಾಡಿದ್ರ ಸ್ವಲ್ಪ ಲೇಟ್ ಇರ್ತದ. ದೂರದ ಕಾಲ್ ಆದ್ರ ಇನ್ನೂ ಜಾಸ್ತಿ. ಗಲ್ಫಿನಿಂದ ನೆಟ್ ಫೋನ್ ಮಾಡ್ತಾರಲ್ರೀ, ಅದು ಹಿಂಗ ಇರ್ತದ."

ಸಂಜೆ ನಾನು ಪರ್ಕಳದ ಕೋಣೆಗೆ ಹೋಗಲಿಲ್ಲ. ಸೀದಾ ಉಡುಪಿಗೆ ಇಳಿದು ಕಾಪುವಿನ ಬಸ್ಸು ಹಿಡಿದೆ. ಬಸ್ಸಿನಲ್ಲಿ ಜಾಗ ಇದ್ದರೂ ಕೂರಲಿಲ್ಲ. ಮನೆಗೆ ಓಡಿದ ಹಾಗೆ ನಡೆದು, ಚಪ್ಪಲಿ ಬಿಡುವ ಮೊದಲೇ ಎಲ್ಲ ಹೇಳಿದೆ.

ಅಕ್ಕ ಸೂಜಿಗೆ ನೂಲು ಹಾಕುತ್ತಾ ಕೇಳಿಸಿಕೊಂಡಳು. ಕೊನೆಗೆ, "ಸರಿ. ತಡ ಮಾಡಿದ್ದು ಮೆಷಿನು. ಪಿಸುಪಿಸು ಮಾಡಿದ್ದು ಯಾರು?" ಎಂದಳು.

"ಶುಕ್ರವಾರ ಫೋನ್ ತೆಗೆದು ನೀನೇ ಕೇಳು," ಎಂದೆ. ಅವಳು ಒಪ್ಪಿದಳು. ಶುಕ್ರವಾರ ಫೋನಿನ ಪಕ್ಕದಲ್ಲೇ ಕೂತಳಂತೆ. ಫೋನ್ ಬರಲಿಲ್ಲ. ಮುಂದಿನ ಶುಕ್ರವಾರವೂ ಬರಲಿಲ್ಲ. ಈಗ ಅವಳ ಅಶಾಂತಿ ಬೇರೆ ದಿಕ್ಕಿಗೆ ತಿರುಗಿತು. ಅಡುಗೆ ಮಾಡುತ್ತಿದ್ದವಳು ಬಂದು ರಿಸೀವರ್ ಎತ್ತಿ, ಡಯಲ್ ಟೋನ್ ಉಂಟಾ ಎಂದು ಕೇಳಿ ಇಡುತ್ತಿದ್ದಳು. ಸ್ನಾನಕ್ಕೆ ಹೋಗುವಾಗ ಅಮ್ಮನನ್ನು ಕಾವಲು ಕೂರಿಸುತ್ತಿದ್ದಳು. ತಾನು ಫೋನ್ ತೆಗೆಯದ ಸಿಟ್ಟಿಗೆ ಅವರು ಬಿಟ್ಟೇ ಬಿಟ್ಟರೇ, ಅಥವಾ ಅಲ್ಲಿ ಏನಾದರೂ ಆಯಿತೇ?

ನಾನು ಮನೆಯಲ್ಲಿದ್ದ ಒಂದು ಭಾನುವಾರ ಬೆಳಿಗ್ಗೆ ಗೇಟಿನ ಹೊರಗೆ ರಿಕ್ಷಾ ನಿಂತಿತು. ಭಾವ ಇಳಿದರು. ಕೈಯಲ್ಲಿ ಒಂದು ಸಣ್ಣ ಬ್ಯಾಗು ಮಾತ್ರ. ಅಕ್ಕ ಬಾಗಿಲಲ್ಲಿ ನಿಂತಳು, ಕೆಳಗೆ ಇಳಿಯಲಿಲ್ಲ.

"ಹೇಳದೆ ಬಂದಿರಾ?"

"ಹೇಳುವುದು ಹೇಗೆ? ನೀನು ಫೋನ್ ತೆಗೆಯುವುದಿಲ್ಲ. ಕಾರ್ಕಳಕ್ಕೆ ಮಾಡಿದೆ, ನೀನು ಬಂದು ನನ್ನ ಫೋನಿನ ಬಗ್ಗೆ ಕೇಳಿದ್ದನ್ನು ಅಮ್ಮ ಹೇಳಿದರು. ಮತ್ತೆ ಫೋನಿನಲ್ಲಿ ಮಾತಾಡಿ ಆಗುವುದಿಲ್ಲ ಅಂತ ರಜೆ ಕೇಳಿ ಬಂದೆ."

ಅಕ್ಕ ಬಾಗಿಲಲ್ಲೇ ನಿಂತು ಕೇಳಿಬಿಟ್ಟಳು: "ಅಲ್ಲಿ ಪಕ್ಕದಲ್ಲಿ ಯಾರಿದ್ದದ್ದು?"

ಭಾವ ಬ್ಯಾಗು ಕೆಳಗಿಟ್ಟರು. ಅವರು ಹೇಳಿದ್ದು ಇಷ್ಟು. ಅವರಿದ್ದ ಊರಿನಲ್ಲಿ ನೆಟ್ ಫೋನಿಗೆ ಅನುಮತಿ ಇರಲಿಲ್ಲ. ಯಾರೋ ಒಬ್ಬ ತನ್ನ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಕದ್ದುಮುಚ್ಚಿ ಕರೆ ಮಾಡಿಸುತ್ತಿದ್ದ. ದನಿ ಗೋಡೆಯಾಚೆ ಹೋಗಬಾರದು, ಹೊರಗೆ ಹೆಜ್ಜೆ ಸದ್ದಾದರೆ ಬಾಯಿ ಮುಚ್ಚಬೇಕು.

"ಅತ್ತೆಗೆ ಮಾತ್ರ ಜೋರಾಗಿ?"

"ಅಮ್ಮನಿಗೆ ಎರಡು ಮಾತು ಸಾಕು, ಅದನ್ನು ರಸ್ತೆಯ ಬೂತಿನಿಂದ ಮಾಡುತ್ತಿದ್ದೆ. ಬೂತಿನಲ್ಲಿ ದುಡ್ಡು ಜಾಸ್ತಿ, ನಿನ್ನ ಹತ್ತಿರ ತುಂಬಾ ಹೊತ್ತು ಮಾತಾಡಬೇಕು ಅಂತಲೇ ಆ ಕೋಣೆಗೆ ಹೋಗುತ್ತಿದ್ದದ್ದು. ಅದನ್ನು ಅಲ್ಲಿ ಕೂತು ಬಾಯಿಬಿಟ್ಟು ಹೇಳುವ ಹಾಗೆ ಇತ್ತಾ?"

ಅಕ್ಕ ತಿರುಗಿ ಒಳಗೆ ಹೋದಳು. ಅಳುತ್ತಾಳೆ ಎಂದುಕೊಂಡೆ. ಅವಳು ಅಕ್ಕಿ ತೊಳೆಯುತ್ತಿದ್ದಳು, ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ ಅಕ್ಕಿ.

ಅಲ್ಲಿಗೆ ಎಲ್ಲ ಮುಗಿಯಬೇಕಿತ್ತು. ಮಧ್ಯಾಹ್ನ ಊಟಕ್ಕೆ ಕೂತಾಗ ಅಕ್ಕ, "ಸಾರು ಹಾಕುವುದಾ?" ಎಂದಳು. ಭಾವ ತಟ್ಟೆ ನೋಡುತ್ತಾ ಸುಮ್ಮನಿದ್ದರು. ಒಂದು ಗಳಿಗೆ ಬಿಟ್ಟು, "ಹಾಕು," ಎಂದರು. "ಮೀನು ಹುರಿದದ್ದು ಉಂಟು," ಎಂದಳು. ಮತ್ತೆ ಅದೇ ಮೌನ. ಆಮೇಲೆ, "ಆಯಿತು."

ಸೌಟು ಹಿಡಿದ ಅಕ್ಕನ ಕೈ ನಿಂತಿತು. ಅವಳು ನನ್ನನ್ನು ನೋಡಿದಳು. ಇಲ್ಲಿ ಯಾವ ಮೆಷಿನೂ ಇರಲಿಲ್ಲ. ಅವರಿಬ್ಬರ ನಡುವೆ ಇದ್ದದ್ದು ಒಂದು ಪಾತ್ರೆ ಸಾರು.

"ಈಗ ಯಾಕೆ ತಡ?" ಎಂದು ಕೇಳಿದಳು.

ಭಾವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ವಿವರಿಸಿದ ಮೇಲೆ ಅವರೇ ಬೆರಗಾದರು. "ನಾನು ಹಾಗೆ ಮಾಡ್ತೇನಾ? ಕೂಡಲೇ ಮಾತಾಡಿದರೆ ನಿನ್ನ ಮಾತಿಗೆ ಅಡ್ಡ ಬರ್ತದಲ್ಲ, ಅದಕ್ಕೆ ಕಾದು ಹೇಳ್ತಿದ್ದೆ. ಅಭ್ಯಾಸ ಆಗಿ ಹೋಗಿರಬೇಕು." ಅಮ್ಮ ನಕ್ಕರು. ಭಾವನೂ ನಕ್ಕರು. ಅಕ್ಕ ನಗಲಿಲ್ಲ, ಆದರೆ ಹುರಿದ ಮೀನಿನಲ್ಲಿ ದೊಡ್ಡದನ್ನು ಆರಿಸಿ ಅವರ ತಟ್ಟೆಗೆ ಹಾಕಿದಳು.

ರಜೆ ಮುಗಿಯುವವರೆಗೂ ಅವಳು ಅವರನ್ನು ಏನಾದರೊಂದು ಕೇಳುತ್ತಲೇ ಇದ್ದಳು. ನೀರು ಬೇಕಾ, ಬಿಸಿಲು ಜಾಸ್ತಿಯಾ, ಅಂಗಿ ಬಿಗಿಯಾಯಿತಾ. ಉತ್ತರ ಬೇಕಾಗಿ ಅಲ್ಲ, ಉತ್ತರ ಬೇಗ ಬರುತ್ತದಾ ಎಂದು ನೋಡಲು. ಹೊರಡುವ ಹೊತ್ತಿಗೆ ಭಾವ ಅವಳಿಗಿಂತ ಮೊದಲೇ ಮಾತು ಶುರು ಮಾಡುವಷ್ಟು ಸುಧಾರಿಸಿದ್ದರು. ಇನ್ನು ಮುಂದೆ ಬೂತಿನಿಂದಲೇ ಮಾಡಬೇಕು, ಸ್ವಲ್ಪವೇ ಸಾಕು, ಜೋರಾಗಿ ಮಾತಾಡಬೇಕು ಎಂದು ಅಕ್ಕ ಕಟ್ಟಪ್ಪಣೆ ಮಾಡಿ ಕಳುಹಿಸಿದಳು.

ನನ್ನ ಕಚೇರಿಯಲ್ಲಿ ಹಳೆಯ ಲೈನುಗಳು ಹೋದವು. ಗೋಡೆಯೊಳಗಿಂದ ತಂತಿ ಎಳೆದು ಸುರುಳಿ ಸುತ್ತಿ ಗುಜರಿಯವನಿಗೆ ಕೊಟ್ಟರು. ಹೊಸ ಫೋನುಗಳಲ್ಲಿ ತಡವೇನೂ ಉಳಿಯಲಿಲ್ಲ, ಸದ್ದೂ ಉಳಿಯಲಿಲ್ಲ. ಆಚೆಯವರು ಉಸಿರಾಡುವುದು ಕೂಡ ಕೇಳದಷ್ಟು ನಿಶ್ಶಬ್ದ. ಕರೆ ಕಡಿದುಹೋಯಿತೋ ಇದೆಯೋ ಗೊತ್ತಾಗದೆ ನಾನು ಮಾತುಮಾತಿಗೆ, "ಇದ್ದೀರಾ?" ಎನ್ನುತ್ತಿದ್ದೆ. ಇದ್ದವರಿಗೆ ಸಿಟ್ಟು ಬರುತ್ತಿತ್ತು. ಮುಂದಿನ ಮಳೆಗಾಲದ ಮೊದಲು ಆ ಕೆಲಸ ಬಿಟ್ಟು ಉಡುಪಿಯ ಒಂದು ಬಟ್ಟೆ ಅಂಗಡಿಗೆ ಸೇರಿದೆ. "ಕೂತು ಮಾಡುವ ಕೆಲಸ ಬಿಟ್ಟು ದಿನವಿಡೀ ನಿಲ್ಲುವ ಕೆಲಸಕ್ಕೆ ಯಾರಾದರೂ ಹೋಗ್ತಾರಾ?" ಎಂದು ಅಮ್ಮ ಬೈದರು. ಅಂಗಡಿಯಲ್ಲಿ ಗಿರಾಕಿ ಸೀರೆಯನ್ನು ಬೆರಳಲ್ಲಿ ಉಜ್ಜಿ ನೋಡುತ್ತಾ ಎಷ್ಟು ಹೊತ್ತು ಸುಮ್ಮನಿದ್ದರೂ, ಅವಳ ಮುಖ ನನ್ನ ಎದುರಿಗೇ ಇರುತ್ತಿತ್ತು, "ಇದ್ದೀರಾ?" ಎಂದು ಕೇಳಬೇಕಾಗಿರಲಿಲ್ಲ. ಅದನ್ನು ಅಮ್ಮನಿಗೆ ಹೇಗೆ ಹೇಳಬೇಕೆಂದು ತಿಳಿಯದೆ, ಬೆಳಗಿನ ಬಸ್ಸಿಗೆ ಹೊತ್ತಾಯಿತೆಂದು ಹೊರಟುಬಿಟ್ಟೆ.