ಫೇಲಮ್ಮ ಸೀಟಿ ಬಿಚ್ಚಿಟ್ಟ ದಿನ

ಡ್ರೈವಿಂಗ್ ಲೈಸೆನ್ಸ್ ಕೊಡುವ ಕಚೇರಿಯಲ್ಲಿ ಅವಳು ಪರೀಕ್ಷಕಿ. ಎದುರುಗಡೆಯ ಚಹಾದಂಗಡಿಯಲ್ಲಿ ಅವಳಿಗಿಟ್ಟಿದ್ದ ಹೆಸರು ಫೇಲಮ್ಮ. ಆ ಹೆಸರು ಅವಳ ಕಿವಿಗೂ ಬಿದ್ದಿತ್ತು. ಬೇಸರವಾಗಲಿಲ್ಲ, ಇಷ್ಟು ದಿನಕ್ಕೆ ಇವರಿಗೆ ಒಂದು ವಿಷಯವಾದರೂ ಸರಿಯಾಗಿ ಅರ್ಥವಾಯಿತಲ್ಲ ಅಂದುಕೊಂಡಳು. ಪಕ್ಕದ ಸೀಟಿನಲ್ಲಿ ಕೂತು ಬೆಲ್ಟ್ ಎಳೆದುಕೊಳ್ಳುವಷ್ಟರಲ್ಲೇ ಸ್ಟಿಯರಿಂಗ್ ಹಿಡಿದವರ ಜಾತಕ ಅವಳಿಗೆ ತಿಳಿದುಬಿಡುತ್ತಿತ್ತು. "ಮೇಡಂ, ನಾನು ಮೀಸೆ ಬರೋಕೆ ಮುಂಚೆಯಿಂದ ಗಾಡಿ ಓಡಿಸ್ತಿದೀನಿ" ಎಂದು ಶುರು ಮಾಡಿದವರು ಮೊದಲ ತಿರುವಿನಲ್ಲೇ ಗಾಡಿಯನ್ನು ಫುಟ್‌ಪಾತಿಗೆ ಹತ್ತಿಸುತ್ತಿದ್ದರು. ಅಳುವವರು, ಹಲ್ಲು ಗಿಂಜುವವರು, ದೊಡ್ಡವರ ಹೆಸರು ಹೇಳಿ ಹೆದರಿಸುವವರು, ಎಲ್ಲರನ್ನೂ ಅವಳು ಒಂದೇ ಮುಖದಲ್ಲಿ ನೋಡುತ್ತಿದ್ದಳು. ಮಳೆ ನಿಲ್ಲಲಿ ಎಂದು ಕಾಯುವವರು ಆಕಾಶ ನೋಡುವ ಹಾಗೆ.

ವಾರವೆಲ್ಲ ಹೀಗೆ ಕಳೆದು, ಶನಿವಾರ ಭಾನುವಾರ ಅವಳು ರಗ್ಬಿ ಪಂದ್ಯಗಳಿಗೆ ರೆಫ್ರಿಯಾಗಿ ಹೋಗುತ್ತಿದ್ದಳು. ಓದುವ ಕಾಲದಲ್ಲಿ ತಾನೂ ಆಡಿದವಳು. ಮಂಡಿ ಕೈಕೊಟ್ಟ ಮೇಲೆ ಸೀಟಿ ಹಿಡಿದಳು. ಆಟದ ಮೇಲೆ ಅವಳಿಗೆ ಪ್ರೀತಿ ಉಳಿದಿತ್ತು. ಆಡುವವರ ಮೇಲೆ ಎಳ್ಳಷ್ಟೂ ಇರಲಿಲ್ಲ.

ಅವಳ ಅಮ್ಮನಿಗೆ ಎರಡೂ ಅರ್ಥವಾಗುತ್ತಿರಲಿಲ್ಲ. ಅಡುಗೆಮನೆಯ ಮೇಜಿನ ಮುಂದೆ ಬಟಾಣಿ ಸುಲಿಯುತ್ತಾ, "ಚೆಂಡನ್ನ ಹೊಟ್ಟೆಗೆ ಅವಚಿಕೊಂಡು ಬಸುರಿ ಥರ ಓಡ್ತಾರಲ್ಲ, ಅದನ್ನ ನೋಡೋಕೆ ಜನ ಬೇರೆ ಬರ್ತಾರಾ?" ಎಂದು ಕೇಳುತ್ತಿದ್ದಳು.

"ಬರ್ತಾರೆ. ಬಂದು ನನ್ನನ್ನ ಬೈತಾರೆ."

"ಹಾಗಿದ್ರೆ ಬರಲಿ ಬಿಡು. ಮನೇಲಿ ಹೆಂಡತೀನ ಬೈಯೋದಾದ್ರೂ ತಪ್ಪುತ್ತೆ."

ದೇಶದ ಹವ್ಯಾಸಿ ರಗ್ಬಿ ಚಾಂಪಿಯನ್‌ಷಿಪ್ ನಾಲ್ಕು ಡಿವಿಷನ್‌ಗಳಲ್ಲಿ ನಡೆಯುತ್ತಿತ್ತು. ಮೇಲಿನದರಲ್ಲಿ ಗೆದ್ದವರು ದೇಶಕ್ಕೇ ಚಾಂಪಿಯನ್ನರು. ಕೆಳಗಿನವುಗಳಲ್ಲಿ ಗೆದ್ದವರು ಮುಂದಿನ ವರ್ಷ ಒಂದು ಮೆಟ್ಟಿಲು ಮೇಲೆ. ಫೇಲಮ್ಮ ನಾಲ್ಕನ್ನೂ ಬಲ್ಲವಳು, ನಾಲ್ಕರ ಬಗ್ಗೆಯೂ ಅವಳಿಗೆ ಬೇರೆ ಬೇರೆ ತಿರಸ್ಕಾರವಿತ್ತು. ಮೊದಲನೇ ಡಿವಿಷನ್ನಿನವರು ಹೆಸರಿಗಷ್ಟೇ ಹವ್ಯಾಸಿಗಳು. ಕನ್ನಡಿ ಮುಂದೆ ತಲೆ ಬಾಚಿಕೊಂಡು ಕೆಸರಿಗಿಳಿಯುವ ಜನ. ಎರಡನೆಯದರಲ್ಲಿ ಎಲ್ಲರೂ, ಕಾಲು ಉಳುಕದೆ ಇದ್ದಿದ್ದರೆ ಮೊದಲನೆಯದರಲ್ಲಿ ಇರಬೇಕಾದವರು. ಅವರ ಕಾಲು ಉಳುಕಿದ ಕಥೆ ಕೇಳಿ ಕೇಳಿ ಅವಳಿಗೆ ಕಿವಿ ಉಳುಕಿತ್ತು. ನಾಲ್ಕನೆಯದರವರಿಗೆ ಆಟವೆಂದರೆ ಆಟ ಮುಗಿದ ಮೇಲೆ ಕುಡಿಯುವ ಬಿಯರಿಗೆ ಪೀಠಿಕೆ. ಅರ್ಧ ಪಂದ್ಯಕ್ಕೇ ಏದುಸಿರು ಬಿಡುತ್ತಾ, "ಮೇಡಂ, ಸ್ವಲ್ಪ ಬೇಗ ಮುಗಿಸ್ತೀರಾ" ಎಂದು ಅವಳನ್ನೇ ಕೇಳುತ್ತಿದ್ದರು. ಮೂರನೆಯದು ಮಾತ್ರ ಸಿಟ್ಟಿನ ಡಿವಿಷನ್. ಮೇಲೆ ಹೋಗುವ ಯೋಗ್ಯತೆ ಇಲ್ಲ, ಕೆಳಗೆ ಬೀಳಲು ಮನಸ್ಸಿಲ್ಲ. ಹಾಗಾಗಿ ಪ್ರತಿ ಪಂದ್ಯವೂ ಪಾಲು ಹಂಚಿಕೆಯ ಜಗಳದ ಹಾಗೆ ನಡೆಯುತ್ತಿತ್ತು.

ಆ ವರ್ಷ ಮೂರನೇ ಡಿವಿಷನ್ನಿನ ಪಂದ್ಯಗಳನ್ನು ನಡೆಸಲು ಯಾರೂ ಒಪ್ಪದೆ ಅವು ಒಂದೊಂದಾಗಿ ಅವಳ ತಲೆಗೆ ಬಂದವು. ಎಲ್ಲೂ ಎಡವದೆ ನಡೆಸಿಕೊಟ್ಟಿದ್ದಕ್ಕೆ ಫೈನಲ್ಲನ್ನೂ ಅವಳಿಗೇ ಕೊಟ್ಟರು. ನಾಲ್ಕು ಡಿವಿಷನ್‌ಗಳ ಫೈನಲ್ ಒಂದೇ ಭಾನುವಾರ, ಒಂದೇ ಮೈದಾನದಲ್ಲಿ. ಬೆಳಿಗ್ಗೆ ನಾಲ್ಕನೆಯದು, ಆಮೇಲೆ ಮೂರು, ಎರಡು, ಕೊನೆಗೆ ಟೀವಿಯವರ ಕ್ಯಾಮೆರಾ ಮುಂದೆ ಮೊದಲನೆಯದು. ಬಟ್ಟೆ ಬದಲಿಸಲು ಅವಳಿಗೆ ಕೊಟ್ಟ ಕೋಣೆಯಲ್ಲಿ ಬಣ್ಣದ ಡಬ್ಬಗಳು, ಹರಿದ ಬಲೆ, ಕಾಲು ಮುರಿದ ಕುರ್ಚಿಗಳು ಇದ್ದವು. ಮೊದಲನೇ ಡಿವಿಷನ್ನಿನ ರೆಫ್ರಿಗೆ ಸೋಫಾ ಹಾಕಿದ ಕೋಣೆ. ಅವಳು ಬಣ್ಣದ ಡಬ್ಬದ ಮೇಲೆ ಕೂತು ಬೂಟಿನ ಲೇಸು ಕಟ್ಟಿಕೊಂಡಳು.

ಮೂರನೆಯದರಲ್ಲಿ ಮೈದಾನದ ಯಜಮಾನ ಕ್ಲಬ್ಬೇ ಫೈನಲ್ಲಿಗೆ ಬಂದಿತ್ತು. ಅದರ ಕ್ಯಾಪ್ಟನ್‌ನನ್ನು ಎಲ್ಲರೂ ಬೀರು ಎಂದೇ ಕರೆಯುತ್ತಿದ್ದರು. ಮನೆ ಬದಲಿಸುವವರ ಸಾಮಾನು ಲಾರಿಗೆ ಹೇರಿ, ಓಡಿಸಿಕೊಂಡು ಹೋಗಿ, ಹೊಸ ಮನೆಗೆ ಇಳಿಸಿಕೊಡುವುದು ಅವನ ಕೆಲಸ; ಆಳೂ ಬೀರುವಿನ ಅಳತೆಗೇ ಇದ್ದ. ಆಟವೇನೂ ಚಂದವಿರಲಿಲ್ಲ. ಆದರೆ ಅವನು ಬಿದ್ದಾಗ ನಾಟಕ ಮಾಡುತ್ತಿರಲಿಲ್ಲ ಎಂಬುದನ್ನು ಫೇಲಮ್ಮ ಗಮನಿಸಿದ್ದಳು. ಉಳಿದವರು ಉಗುರು ತಾಗಿದರೂ ಗುಂಡೇಟು ಬಿದ್ದ ಹಾಗೆ ಹೊರಳಾಡುತ್ತಿದ್ದರು.

ದ್ವಿತೀಯಾರ್ಧದ ಕೊನೆಕೊನೆಗೆ, ಬೀರು ಎದುರಾಳಿಯ ಕಾಲು ಹಿಡಿದು ಕೆಡವಲು ಬಗ್ಗಿದಾಗ ಅವನ ಮಂಡಿ ಇವನ ಕಪಾಲಕ್ಕೆ ಬಡಿಯಿತು. ಆ ಸದ್ದು ಅವಳಿಗೆ ಕೇಳಿಸಿತು. ಸೀಟಿ ಊದಿದಳು. ಬೀರು ಸ್ವಲ್ಪ ಹೊತ್ತು ಅಲ್ಲಾಡಲಿಲ್ಲ. ಆಮೇಲೆ ತಾನೇ ಎದ್ದ, ಮೈ ಕೊಡವಿಕೊಂಡ, ನೆಟ್ಟಗೆ ನಡೆದುಹೋಗಿ ಎದುರಾಳಿಗಳ ಸಾಲಿನಲ್ಲಿ ನಿಂತ. ಜನ ನಕ್ಕರು. ಫೇಲಮ್ಮ ಹತ್ತಿರ ಹೋಗಿ, "ನೀವು ಯಾರ ಮೇಲೆ ಆಡ್ತಿದೀರಿ, ಹೇಳಿ" ಎಂದಳು.

ಬೀರು ತುಂಬ ಮರ್ಯಾದೆಯಿಂದ ಅವಳನ್ನು ನೋಡಿದ. "ಅಕ್ಕಾ, ಮಂಚ ಮಹಡಿ ಮೇಲಕ್ಕಾ, ಇಲ್ಲ ಕೆಳಗಿನ ರೂಮಿಗೇ ಇಳಿಸಿಬಿಡ್ಲಾ?" ಎಂದು ಕೇಳಿದ.

"ಇವರು ಹೊರಗೆ" ಎಂದಳು ಅವಳು.

ಅಷ್ಟರಲ್ಲಿ ಕ್ಲಬ್ಬಿನ ಡಾಕ್ಟರು ಚೀಲ ಹಿಡಿದು ಓಡಿ ಬಂದರು. ಬೀರುವಿನ ಮುಖ ಒರೆಸಿದರು, ಕಣ್ಣಿಗೆ ಟಾರ್ಚು ಬಿಟ್ಟರು, ಬೆನ್ನು ತಟ್ಟಿದರು. "ಫಸ್ಟ್ ಕ್ಲಾಸ್ ಇದಾನೆ ಮೇಡಂ. ಆಟ ಶುರು ಮಾಡಿ."

"ನೀವು ಚರ್ಮದ ಡಾಕ್ಟರಲ್ವಾ?"

"ಡಾಕ್ಟರ್ ಅಂದ್ರೆ ಡಾಕ್ಟರೇ ಮೇಡಂ."

"ಹಾಗಾದ್ರೆ ಚರ್ಮ ಚೆನ್ನಾಗಿದೆ ಅಂತ ಹೇಳಿ, ಒಪ್ತೀನಿ. ತಲೆ ಸರಿ ಇಲ್ಲ."

ಆಗ ಗ್ಯಾಲರಿಯಿಂದ ಇಳಿದು ಬಂದದ್ದು ರಗ್ಬಿ ಒಕ್ಕೂಟದ ಕಾರ್ಯದರ್ಶಿ. ಬಚ್ಚಲುಮನೆ ಟೈಲ್ಸ್ ಮಾರುವ ದೊಡ್ಡ ಅಂಗಡಿಯ ಮಾಲೀಕ; ಜೀವನದಲ್ಲಿ ಒಮ್ಮೆಯೂ ಚೆಂಡು ಮುಟ್ಟದವನು. ಅದಕ್ಕೇ ಆಟದ ಬಗ್ಗೆ ಭಾಷಣ ಮಾಡುವಾಗ ಅವನ ಗಂಟಲು ಕಟ್ಟುತ್ತಿತ್ತು. ಬಿಳಿ ಬೂಟಿಗೆ ಕೆಸರು ತಾಗದಂತೆ ಹೆಜ್ಜೆ ಆರಿಸಿ ಆರಿಸಿ ಇಡುತ್ತಾ ಮೈದಾನದ ನಡುವಿಗೆ ಬಂದ. ಆ ಕ್ಲಬ್ಬಿನ ಅಧ್ಯಕ್ಷ ಅವನ ಬೀಗ ಎಂಬುದು ಎಲ್ಲರಿಗೂ ಗೊತ್ತಿದ್ದದ್ದೇ.

"ಮೇಡಂ, ಇನ್ನೇನು ಮುಗಿಯೋ ಹೊತ್ತು. ಡಾಕ್ಟರೇ ಸರಿ ಅಂದ್ಮೇಲೆ ನಿಮ್ಮದೇನು? ಟೀವಿಯವರು ಬೇರೆ ಗಡಿಯಾರ ನೋಡ್ತಿದಾರೆ."

"ಇವರು ಹೊರಗೆ ಹೋದ ಕೂಡ್ಲೇ ಆಟ ಶುರು. ನಾನೇನೂ ತಡ ಮಾಡ್ತಿಲ್ಲ."

"ನೋಡಿ, ಹೆಂಗಸರ ಮನಸ್ಸು ಮೆತ್ತಗೆ, ನನಗೂ ಅರ್ಥ ಆಗುತ್ತೆ. ಆದ್ರೆ ಇದು ಗಂಡಸರ ಆಟ."

ಅವಳ ಮನಸ್ಸು ಮೆತ್ತಗೆ ಎಂದು ಆವರೆಗೆ ಯಾರೂ ಆಪಾದಿಸಿರಲಿಲ್ಲ. ನಿಜ ಹೇಳಬೇಕೆಂದರೆ ಅವಳಿಗೆ ಬೀರುವಿನ ಮೇಲೆ ಕನಿಕರವೇನೂ ಉಕ್ಕಿರಲಿಲ್ಲ. ಹಿಂದೆಂದೋ ಮನೆಯವರಲ್ಲಿ ಯಾರಿಗೋ ತಲೆಗೆ ಪೆಟ್ಟು ಬಿದ್ದಿತ್ತು ಎಂಬಂಥ ದುಃಖದ ಕಥೆಯೂ ಇರಲಿಲ್ಲ. ಮಂಚ ಇಳಿಸಲು ಜಾಗ ಕೇಳುತ್ತಿರುವವನನ್ನು ಆಡಲು ಶಕ್ತ ಎಂದು ಒಪ್ಪಿಕೊಳ್ಳುವುದು ಸುಳ್ಳು. ಅಷ್ಟು ಅಗ್ಗದ ಸುಳ್ಳನ್ನು ಇಷ್ಟು ಜನ ಕೂಡಿ ತನ್ನ ಬಾಯಿಂದ ಹೇಳಿಸಬಹುದು ಅಂದುಕೊಂಡಿದ್ದಾರಲ್ಲ ಎಂದು ಅವಳಿಗೆ ಮೈಯೆಲ್ಲ ಉರಿಯಿತು.

ಗ್ಯಾಲರಿಯಿಂದ ಕೂಗು ಶುರುವಾಯಿತು. ಬೀರುವಿನ ತಂಡದವರು ಸುತ್ತ ನೆರೆದು ಒಬ್ಬರ ಮೇಲೊಬ್ಬರು ಮಾತಾಡಿದರು. ಅವಳಿಗೆ ಹೆಚ್ಚು ಹೇಸಿಗೆ ಅನಿಸಿದ್ದು ಅವರ ಮೇಲೆಯೇ. ಒಬ್ಬ ಬೀರುವಿನ ಕಿವಿಯಲ್ಲಿ ಎದುರಾಳಿ ತಂಡದ ಹೆಸರನ್ನು ಉಸುರುತ್ತಿದ್ದ, ಪರೀಕ್ಷೆಯಲ್ಲಿ ಹಿಂದಿನ ಬೆಂಚಿನವನು ಉತ್ತರ ಹೇಳಿಕೊಡುವ ಹಾಗೆ. ಬೀರು ನಗುತ್ತಾ ತಲೆಯಾಡಿಸುತ್ತಿದ್ದ.

"ಕೊನೇ ಸಲ ಕೇಳ್ತೀನಿ" ಎಂದ ಕಾರ್ಯದರ್ಶಿ. "ಆಟ ನಡೆಸ್ತೀರೋ, ಇಲ್ವೋ?"

"ಇವರು ಒಳಗಿದ್ರೆ ಇಲ್ಲ."

"ಹಾಗಾದ್ರೆ ಸೀಟಿ ಕೊಡಿ."

ಕುತ್ತಿಗೆಯಿಂದ ಸೀಟಿ ಬಿಚ್ಚಿ ಅವನ ಅಂಗೈಗೆ ಹಾಕಿದಳು. ಪಕ್ಕದ ಗೆರೆಯಲ್ಲಿ ಬಾವುಟ ಹಿಡಿದು ನಿಂತಿದ್ದವನೊಬ್ಬ ಇನ್ಶೂರೆನ್ಸ್ ಏಜೆಂಟ್. ಅವನು ಬಾವುಟವನ್ನು ಅಲ್ಲೇ ಬಿಸಾಡಿ ಓಡಿ ಬಂದ. ಯಾರಾದರೂ ಸತ್ತರೂ ಅಷ್ಟು ಬೇಗ ಬರುತ್ತಿರಲಿಲ್ಲ. ಸೀಟಿಯನ್ನು ಒರೆಸಿಕೊಳ್ಳದೆಯೇ ಬಾಯಿಗಿಟ್ಟ. ಅವಳು ಗ್ಯಾಲರಿಯ ಬೈಗುಳದ ಕೆಳಗೇ ನಡೆದುಹೋಗಿ, ಬಣ್ಣದ ಡಬ್ಬಗಳ ಕೋಣೆಯಿಂದ ಚೀಲ ಎತ್ತಿಕೊಂಡು, ಬಟ್ಟೆಯನ್ನೂ ಬದಲಿಸದೆ ಬಸ್ಸು ಹತ್ತಿದಳು. ಚಡ್ಡಿಯಲ್ಲಿ, ಕೆಸರು ಬೂಟಿನಲ್ಲಿ ಕೂತ ನಡುವಯಸ್ಸಿನ ಹೆಂಗಸಿನ ಪಕ್ಕಕ್ಕೆ ಯಾರೂ ಬರಲಿಲ್ಲ.

ಅಮ್ಮ ಬಾಗಿಲು ತೆಗೆದು ಮೇಲಿಂದ ಕೆಳಗೆ ನೋಡಿದಳು. "ಗೆದ್ದೋರು ಯಾರು?"

"ಗೊತ್ತಿಲ್ಲ."

"ಇಷ್ಟು ಕೆಸರು ಮೆತ್ಕೊಂಡು ಬಂದಿದೀಯ, ಗೆದ್ದೋರು ಯಾರು ಅಂತ ಗೊತ್ತಿಲ್ವಾ?" ಮತ್ತೆ ಅವಳ ಮುಖ ನೋಡಿದಳು. ನೀರು ಕಾಯಿಸಲು ಒಳಗೆ ಹೋದಳು.

ಗೆದ್ದದ್ದು ಬೀರುವಿನ ಕ್ಲಬ್ಬು. ಚೆಂಡನ್ನು ಎದುರಾಳಿಯ ಗೆರೆಯಾಚೆ ಊರಿ ಗೆಲುವಿನ ಟ್ರೈ ಗಳಿಸಿದ್ದು ಬೀರುವೇ. ಹೆಗಲ ಮೇಲೆ ಹೊತ್ತು ಮೆರೆಸಿದರು, ಮರುದಿನದ ಪೇಪರಿನಲ್ಲಿ ಫೋಟೋ ಬಂತು. ಪೇಪರಿನಲ್ಲಿ ಬಾರದೆ ಇದ್ದದ್ದು ಏನೆಂದರೆ, ಬಹುಮಾನ ಕೊಡುವಾಗ ಬೀರು ಕಾರ್ಯದರ್ಶಿಯ ಬಿಳಿ ಬೂಟಿನ ಮೇಲೇ ವಾಂತಿ ಮಾಡಿಕೊಂಡು ಕುಸಿದಿದ್ದ. ತಲೆಯೊಳಗೆ ರಕ್ತ ಜಿನುಗಿತ್ತು. ಕೊಯ್ಯುವ ಪ್ರಸಂಗ ಬರಲಿಲ್ಲ, ಆದರೆ ಬಹಳ ದಿನ ಕತ್ತಲೆ ಕೋಣೆಯಲ್ಲಿ ಮಲಗಿದ. ಇನ್ನು ಆಡಕೂಡದು, ತಾವು ಹೇಳುವವರೆಗೆ ಗಾಡಿ ಓಡಿಸಕೂಡದು ಎಂದು ಆಸ್ಪತ್ರೆಯವರು ಹೇಳಿದರು. ಲೈಸೆನ್ಸೂ ಅಮಾನತಾಯಿತು.

ಒಕ್ಕೂಟ ವಿಚಾರಣೆಗೆ ಕರೆದದ್ದು ಫೇಲಮ್ಮನನ್ನು. ಉದ್ದ ಮೇಜಿನ ಹಿಂದೆ ಕಾರ್ಯದರ್ಶಿ, ಬೀಗ, ಚರ್ಮದ ಡಾಕ್ಟರು, ಮತ್ತೆ ಗಂಟಲು ಸರಿಮಾಡಿಕೊಳ್ಳುವುದಷ್ಟನ್ನೇ ಬಲ್ಲ ಇಬ್ಬರು ಮುದುಕರು. ಪಂದ್ಯವನ್ನು ಅರ್ಧಕ್ಕೆ ಬಿಟ್ಟದ್ದು, ಒಕ್ಕೂಟದ ಘನತೆಗೆ ಕುಂದು ತಂದದ್ದು ಅವಳ ತಪ್ಪು. ಆಸ್ಪತ್ರೆಯ ಮಾತನ್ನು ಯಾರೂ ಎತ್ತಲಿಲ್ಲ. ನಿಮ್ಮ ಕಡೆಯಿಂದ ಏನಾದರೂ ಹೇಳುವುದಿದೆಯೇ ಎಂದು ಕೇಳಿದಾಗ ಅವಳು ಎದ್ದು ನಿಂತಳು.

"ನಿಮ್ಮಲ್ಲಿ ಯಾರಾದ್ರೂ ಅವರನ್ನ ನೋಡೋಕೆ ಆಸ್ಪತ್ರೆಗೆ ಹೋಗಿದ್ರಾ?"

ಮುದುಕರಲ್ಲೊಬ್ಬ ಗಂಟಲು ಸರಿಮಾಡಿಕೊಂಡ.

"ಹಾಗಾದ್ರೆ ಹೇಳೋದೇನಿಲ್ಲ" ಎಂದು ಹೊರಗೆ ಬಂದಳು. ಒಂದು ವರ್ಷ ಯಾವ ಡಿವಿಷನ್ನಿನಲ್ಲೂ ಪಂದ್ಯವಿಲ್ಲ ಎಂದು ತೀರ್ಪಾಯಿತು. ಬೀರುವಿನ ತಂಡದವರು ಬೀದಿಯಲ್ಲಿ ಎದುರಾದರೆ ಈಗಲೂ ಅವಳನ್ನು ದುರುಗುಟ್ಟಿ ನೋಡುತ್ತಿದ್ದರು. ತಾವೇ ಸರಿ ಎಂಬುದಕ್ಕೆ ಅವರ ಬಳಿ ಕಪ್ ಇತ್ತು.

ಮುಂದಿನ ಸೀಸನ್ ಅರ್ಧ ಕಳೆದಿದ್ದಾಗ ಒಂದು ಬೆಳಿಗ್ಗೆ ಪರೀಕ್ಷೆಯ ಕಾರಿನ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿಕೊಂಡು ಕೂತಿದ್ದವನು ಬೀರು. ಆಸ್ಪತ್ರೆಯ ಡಾಕ್ಟರು ಒಪ್ಪಿದ್ದರು, ಲೈಸೆನ್ಸ್ ಮರಳಿ ಸಿಗಲು ಹೊಸದಾಗಿ ಪರೀಕ್ಷೆ ಆಗಬೇಕಿತ್ತು. ಮೈ ಇಳಿದಿತ್ತು. ಅವಳು ಬೆಲ್ಟ್ ಎಳೆದುಕೊಂಡು, "ನಡೀರಿ" ಎಂದಳು. ಅವನು ಮದುಮಗಳನ್ನು ಕರೆದೊಯ್ಯುವ ಹಾಗೆ ಗಾಡಿ ಓಡಿಸಿದ. ಮಾರುಕಟ್ಟೆ ಸುತ್ತಿ, ರೈಲ್ವೆ ಗೇಟಿನ ಬಳಿ ನಿಂತು, ಕಚೇರಿಯ ಅಂಗಳಕ್ಕೆ ಹಿಮ್ಮುಖವಾಗಿ ತಂದು ನಿಲ್ಲಿಸಿದ. ಇಂಜಿನ್ ಆರಿಸಿದ ಮೇಲೂ ಇಳಿಯಲಿಲ್ಲ.

"ಮೇಡಂ, ಒಂದು ಮಾತು. ಆ ಟ್ರೈ ನೀವು ನೋಡಿದ್ರಾ?"

"ಇಲ್ಲ. ಬಸ್ಸಲ್ಲಿದ್ದೆ."

"ನನಗೆ ನೆನಪೇ ಇಲ್ಲ. ಒಬ್ಬ ನಾಲ್ಕು ಜನರನ್ನ ಕೆಡವಿದೆ ಅಂತಾನೆ, ಇನ್ನೊಬ್ಬ ಏಳು ಅಂತಾನೆ. ನಮ್ಮ ಅಧ್ಯಕ್ಷರಂತೂ ನಾನು ಹಾರಿದೆ ಅಂತಾರೆ. ಈ ಮೈ ಇಟ್ಕೊಂಡು ನಾನು ಹಾರ್ತೀನಾ ಮೇಡಂ? ನೀವಾದ್ರೆ ಇದ್ದದ್ದು ಇದ್ದ ಹಾಗೆ ಹೇಳ್ತೀರ ಅಂತ ಕೇಳಿದೆ."

"ನೋಡದೆ ಇದ್ದದ್ದನ್ನ ಹೇಳೋಕಾಗಲ್ಲ. ನೋಡಿದ್ದು ಬೇಕಾದ್ರೆ ಹೇಳ್ತೀನಿ."

ಹೇಳಿದಳು. ಮಂಡಿ ಬಡಿದ ಸದ್ದು, ಅವನು ಎದುರಾಳಿಗಳ ಸಾಲಿನಲ್ಲಿ ಹೋಗಿ ನಿಂತದ್ದು, ಮಂಚ ಎಲ್ಲಿಗೆ ಎಂದು ಕೇಳಿದ್ದು, ತಂಡದವನೊಬ್ಬ ಕಿವಿಯಲ್ಲಿ ಉತ್ತರ ಊದಿದ್ದು. ಒಂದನ್ನೂ ಮೆತ್ತಗೆ ಮಾಡಲಿಲ್ಲ. ಬೀರು ಸ್ಟಿಯರಿಂಗ್ ಮೇಲೆ ಎರಡೂ ಕೈ ಇಟ್ಟುಕೊಂಡು ಕೇಳಿದ. ಕಿವಿಯಲ್ಲಿ ಊದಿದವನ ಹೆಸರು ಅವಳ ಬಾಯಿಂದ ಬಂದಾಗ ಮಾತ್ರ ಕಿಟಕಿಯಾಚೆ ನೋಡಿದ. ಅವನು ಬೀರುವಿನ ಭಾವಮೈದುನ.

"ಇದನ್ನ ಯಾರೂ ಹೇಳಿರಲಿಲ್ಲ" ಎಂದ ಕೊನೆಗೆ. "ಎಲ್ಲರೂ ಟ್ರೈಯಿಂದಲೇ ಶುರು ಮಾಡ್ತಾರೆ." ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡ. "ಇರಲಿ. ಪರೀಕ್ಷೆ ಏನಾಯ್ತು?"

"ಮಾರುಕಟ್ಟೆ ಹತ್ರ ಎಡಕ್ಕೆ ತಿರುಗುವಾಗ ಕನ್ನಡಿ ನೋಡಲಿಲ್ಲ. ಒಬ್ಬ ಸೈಕಲ್‌ನವನು ಬ್ರೇಕ್ ಹಾಕ್ದ. ಫೇಲು."

ಬೀರು ಸ್ವಲ್ಪ ಯೋಚಿಸಿ, "ಹೌದು, ನೋಡಲಿಲ್ಲ" ಎಂದು ಒಪ್ಪಿಕೊಂಡ. ಮುಂದಿನ ತಿಂಗಳು ಬನ್ನಿ ಎಂದು ಹೇಳಿ ಅವಳು ಇಳಿದಳು. ಸಾಲಿನಲ್ಲಿ ಮುಂದಿನವನು ಆಗಲೇ ಹಲ್ಲು ಕಿರಿಯುತ್ತಾ ಕಾರಿನ ಕಡೆ ಬರುತ್ತಿದ್ದ.