ಮಾಲಗಾದ ಗೆಳೆತನ, ವೇಣೂರಿನ ಉಪಚಾರ

ಮೊನ್ನೆ ಭಾನುವಾರ ಪಕ್ಕದ ಮನೆಯವರ ಗ್ಯಾಸ್ ಮುಗಿದು, ಹಿತ್ತಲಿನ ಸೌದೆ ಒಲೆಯಲ್ಲಿ ಬೂತಾಯಿ ಮೀನು ಕಾಯಿಸುತ್ತಿದ್ದರು. ಬೂತಾಯಿಯ ವಾಸನೆಗೆ ಬೇಲಿ, ಗೋಡೆ, ದಾಕ್ಷಿಣ್ಯ ಒಂದೂ ಗೊತ್ತಿಲ್ಲ. ನೇರವಾಗಿ ಒಳಗೆ ಬಂದು ನೀವು ಓದುತ್ತಿರುವ ಪೇಪರಿನ ಮೇಲೆಯೇ ಕುಳಿತುಬಿಡುತ್ತದೆ. ಮೂಡುಬಿದಿರೆಯಲ್ಲಿ ಇದೇನು ಹೊಸತಲ್ಲ. ಆದರೆ ಅವತ್ತು ಆ ವಾಸನೆಗೆ ಹೊಗೆಯ ಘಾಟೂ ಸೇರಿಕೊಂಡಿತ್ತಲ್ಲ, ನಾನು ಪೇಪರು ಮಡಚಿಟ್ಟೆ. ನನಗೆ ನೆನಪಾದದ್ದು ಸ್ಪೇನ್ ದೇಶ. ನಗಬೇಡಿ, ಹೇಳುತ್ತೇನೆ.

ಆಗ ನಾನು ದುಬೈಯ ಒಂದು ಹೋಟೆಲಿನಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿದ್ದೆ. ಇಲ್ಲೇ ಮೂಡುಬಿದಿರೆ ಹತ್ತಿರದ ಶಿರ್ತಾಡಿಯಿಂದ ಹೋದವನು. ಸ್ಪೇನಿನಲ್ಲಿ ಹಳೆಯ ಪೆಸೆಟಾ ಹೋಗಿ ಯೂರೋ ಬಂದ ಹೊಸತು. ಕಂಪನಿಯವರು ತರಬೇತಿಗೆಂದು ನನ್ನನ್ನು ಅಲ್ಲಿಗೆ ಕಳಿಸಿದ್ದರು. ತರಬೇತಿ ಮುಗಿದ ಮೇಲೂ ವೀಸಾದಲ್ಲಿ ಒಂದು ವಾರ ಬಾಕಿ ಇತ್ತು. ಬೆನ್ನಿಗೆ ಚೀಲ ಏರಿಸಿಕೊಂಡು ಊರೂರು ತಿರುಗುವ ಬಿಳಿಯ ಹುಡುಗರನ್ನು ನೋಡಿ ನನಗೂ ಆಸೆಯಾಯಿತು. ಅಂಗಡಿಗೆ ಹೋಗಿ ನನಗಿಂತ ದಪ್ಪದ ಒಂದು ಚೀಲ ಕೊಂಡೆ. ಅದರಲ್ಲಿ ಏನು ತುಂಬಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಇಸ್ತ್ರಿ ಮಾಡಿದ ಅಂಗಿಗಳು, ಒಂದು ಟೈ, ಅಮ್ಮ ಕಳಿಸಿದ್ದ ಮಾವಿನ ಮಿಡಿಯ ಉಪ್ಪಿನಕಾಯಿಯ ಬಾಟಲಿ ಇವನ್ನೆಲ್ಲ ತುಂಬಿ, ಮದುವೆ ದಿಬ್ಬಣಕ್ಕೆ ಹೊರಟವನ ಹಾಗೆ ಮಾಲಗಾ ಎಂಬ ಕಡಲ ದಂಡೆಯ ಊರಿಗೆ ಬಸ್ಸು ಹತ್ತಿದೆ.

ಉಳಿದುಕೊಂಡದ್ದು ಒಂದು ಅಗ್ಗದ ಹಾಸ್ಟೆಲಿನಲ್ಲಿ. ಒಂದೇ ಕೋಣೆಯಲ್ಲಿ ಮಂಚದ ಮೇಲೆ ಮಂಚ, ಯಾವ ಯಾವುದೋ ದೇಶದವರು. ಚೀಲ ಇಳಿಸುವಾಗ ಅದು ಜಾರಿ ನನ್ನ ಕಾಲಿನ ಮೇಲೆ ಬಿತ್ತು. ನೋವಿಗೆ ಬಾಯಿಂದ ಬಂದದ್ದು ತುಳುವಿನ ಒಂದು ಬೈಗುಳ, ಇಲ್ಲಿ ಬರೆಯುವಂಥದ್ದಲ್ಲ. ಮೇಲಿನ ಮಂಚದಿಂದ ಗಡ್ಡದ ಮುಖವೊಂದು ಕೆಳಗೆ ಬಗ್ಗಿ, "ಓಲು ಊರು?" ಎಂದು ಕೇಳಿತು. ಯಾವ ಊರು ಅಂತ.

ಅವನೇ ಹಮೀದ್. ಬಂಟ್ವಾಳದ ಬಟ್ಟೆ ಅಂಗಡಿಯವರ ಮಗ, ಅಬುಧಾಬಿಯ ಟೈಲ್ಸ್ ಅಂಗಡಿಯೊಂದರಲ್ಲಿ ಕೆಲಸ. ಧಣಿ ಅವನನ್ನು ಸ್ಪೇನಿನ ಟೈಲ್ಸ್ ಕಾರ್ಖಾನೆ ನೋಡಿ ಬರಲು ಕಳಿಸಿದ್ದ. ಅವನಿಗೂ ನನ್ನ ಹಾಗೆಯೇ ಕೆಲವು ದಿನ ಮಿಕ್ಕಿದ್ದವು. ನಾವು ಮಾತಾಡಿದ್ದೆಲ್ಲ ತುಳುವಿನಲ್ಲಿಯೇ, ನಿಮಗೆಂದು ಕನ್ನಡ ಮಾಡಿ ಬರೆಯುತ್ತಿದ್ದೇನೆ. ಅವನು ಮೊದಲು ಹೇಳಿದ್ದು, "ಮಾರಾಯ, ಈ ಚೀಲದಲ್ಲಿ ಅಕ್ಕಿಮುಡಿ ಉಂಟಾ?" ಎಂದು. ಎರಡನೆಯದು, ಉಪ್ಪಿನಕಾಯಿ ನೋಡಿ, "ಇನ್ನು ನೀನು ಎಲ್ಲಿಗೆ ಹೋದ್ರೂ ನಾನು ಬರ್ತೇನೆ."

ಬಂದ ಕೂಡ. ಆ ವಾರವಿಡೀ ನಾವು ಜೊತೆಗೇ ಇದ್ದೆವು. ಜರ್ಮನಿಯ ಒಬ್ಬ ಹುಡುಗ, ಅರ್ಜೆಂಟೀನದ ಇಬ್ಬರು ಹುಡುಗಿಯರು, ಹೀಗೆ ಹಾದಿಯಲ್ಲಿ ಎಷ್ಟೋ ಮಂದಿ ಗೆಳೆಯರಾದರು. ಒಂದು ಸಂಜೆ ನಮ್ಮೊಡನೆ ನಡೆದು, ನಕ್ಕು, ಮರುದಿನ ಬೇರೆ ಊರಿಗೆ ಹೋದರು. ಈಗ ಅವರ ಹೆಸರೂ ನೆನಪಿಲ್ಲ. ಕಡಲ ದಂಡೆಯಲ್ಲಿ ಒಂದು ಹಳೆಯ ದೋಣಿಗೆ ಮರಳು ತುಂಬಿಸಿ, ಅದರೊಳಗೆ ಕಟ್ಟಿಗೆಯ ಬೆಂಕಿ ಮಾಡಿ, ಕೋಲಿಗೆ ಸಾಲಾಗಿ ಬೂತಾಯಿ ಚುಚ್ಚಿ ಸುಡುತ್ತಿದ್ದ ಒಬ್ಬ ಅಜ್ಜನಿದ್ದ. ಹೌದು, ನಮ್ಮದೇ ಬೂತಾಯಿ, ತುಸು ಮೈ ತುಂಬಿಕೊಂಡದ್ದು. ಅಲ್ಲಿನವರು ಅದಕ್ಕೆ ಬರೀ ಉಪ್ಪು ಹಾಕುತ್ತಿದ್ದರು. ಹಮೀದ್ ನನ್ನ ಉಪ್ಪಿನಕಾಯಿಯ ರಸವನ್ನು ಮೀನಿಗೆ ಸವರಿ ಅಜ್ಜನಿಗೂ ಕೊಟ್ಟ. ಅಜ್ಜನ ಕಣ್ಣಲ್ಲಿ ನೀರು ಬಂತು, ಆದರೂ ಇನ್ನೊಂದು ಬೇಕೆಂದು ಕೈ ಚಾಚಿದ. ಒಂದೇ ಕೋಲಿನ ಮೀನನ್ನು ನಾವಿಬ್ಬರೂ ಎರಡು ಕಡೆಯಿಂದ ಕಿತ್ತು ತಿನ್ನುತ್ತಿದ್ದೆವು. ನಾನು ಅಷ್ಟು ಹಗುರಾಗಿ, ಅಷ್ಟು ಖುಷಿಯಾಗಿ ಬೇರೆ ಯಾವಾಗಲೂ ಇದ್ದಂತೆ ನೆನಪಿಲ್ಲ.

ನಮ್ಮ ಕಡೆ ಒಬ್ಬನ ಗೆಳೆತನ ಮಾಡುವುದು ಇಷ್ಟು ಸುಲಭವಲ್ಲ ನೋಡಿ. ಮೊದಲು ಅವನ ಮನೆ ಯಾವುದು, ತಂದೆ ಯಾರು, ನಮ್ಮವರಿಗೆ ಹೇಗೆ ಬಳಕೆ ಎಂದೆಲ್ಲ ವಿಚಾರಿಸಿ ಆಗಬೇಕು. ಅದೆಲ್ಲ ಮುಗಿಯುವಾಗ ಎದುರಿಗಿರುವ ಮನುಷ್ಯನ ಬಗ್ಗೆ ಇದ್ದ ಕುತೂಹಲವೇ ಹೋಗಿರುತ್ತದೆ. ಹಮೀದನಿಗೂ ಇದೇ ಯೋಚನೆ ಇದ್ದಿರಬೇಕು. ಹೊರಡುವ ಹಿಂದಿನ ದಿನ ಗುಡ್ಡದ ಮೇಲಿನ ಹಳೆಯ ಕೋಟೆಯಲ್ಲಿ ಕುಳಿತಿದ್ದಾಗ ಕೇಳಿದ:

"ಇಷ್ಟು ದೂರ ಬಂದು ಬೇರೆಯವರ ಊರಲ್ಲಿ ನಡೀತಾ ಇದ್ದೇವೆ. ನಮ್ಮ ಫಲ್ಗುಣಿ ಹೊಳೆಯ ಬದಿಯಲ್ಲಿ ಒಮ್ಮೆಯಾದ್ರೂ ನಡೆದಿದ್ದೀಯಾ?"

"ಬಸ್ಸಿನಿಂದ ನೋಡಿದ್ದೇನೆ" ಅಂದೆ.

"ನಾನೂ ಅಷ್ಟೇ. ಹಾಗಾದ್ರೆ ಹೋಗುವ. ವೇಣೂರಿಂದ ಪೊಳಲಿಗೆ, ಇದೇ ಚೀಲ ಹಾಕ್ಕೊಂಡು." ಮತ್ತೆ ಹೇಳಿದ: "ಊರಲ್ಲಿ ನನಗೆ ನಿನ್ನ ಹಾಗೆ ಒಬ್ಬ ಗೆಳೆಯ ಇಲ್ಲ ಮಾರಾಯ. ಇಲ್ಲಿ ಆದದ್ದು ಅಲ್ಲಿಯೂ ಆಗ್ತದಾ ಅಂತ ನೋಡಬೇಕು."

ನಾನು ಕೈ ಮೇಲೆ ಕೈ ಹಾಕಿ ಮಾತು ಕೊಟ್ಟೆ. ಆಗದೆ ಏನು ಎಂದೇ ನನ್ನ ನಂಬಿಕೆ.

ಎರಡು ವರ್ಷದ ಮೇಲೆ ಇಬ್ಬರಿಗೂ ಒಟ್ಟಿಗೆ ರಜೆ ಸಿಕ್ಕಿತು. ಜನವರಿಯ ಒಂದು ಬೆಳಿಗ್ಗೆ ವೇಣೂರಿನಲ್ಲಿ ಬಸ್ಸಿಳಿದು, ಚೀಲ ಏರಿಸಿ ಹೊರಟೆವು. ಹೊಳೆಯ ಬದಿಗೆ ಇಳಿಯುವ ದಾರಿ ಸಿಗುವ ಮೊದಲೇ ಒಬ್ಬ ರಿಕ್ಷಾದವನು ನಿಲ್ಲಿಸಿದ. "ಎಲ್ಲಿಗೆ?"

"ಪೊಳಲಿಗೆ, ನಡ್ಕೊಂಡು."

"ಬಸ್ ಉಂಟಲ್ಲ?" ಎಂದು ಅವನು ನಮ್ಮನ್ನೂ ಚೀಲವನ್ನೂ ನೋಡಿ, ಏನೋ ಹರಕೆ ಇರಬೇಕೆಂದು ಗೌರವದಿಂದ ಮುಂದೆ ಹೋದ. ಅವನ ಹಿಂದೆಯೇ ಬಂದದ್ದು ವೇಣೂರಿನಲ್ಲೇ ಮನೆಯಿದ್ದ ನನ್ನ ಸೋದರಮಾವನ ಜೀಪು.

ಮಾವ ಒಳ್ಳೆಯ ಮನುಷ್ಯ. ಇದನ್ನು ನಾನು ಒತ್ತಿ ಹೇಳಬೇಕು. "ನನ್ನ ಮನೆಯ ಎದುರಿಂದ ಮೂಟೆ ಹೊತ್ತುಕೊಂಡು ನಡ್ಕೊಂಡು ಹೋಗುವುದಾ? ಜನ ಏನು ಹೇಳಿಯಾರು? ಹತ್ತಿ, ಹತ್ತಿ" ಎಂದು ಚೀಲಗಳನ್ನು ತಾವೇ ಜೀಪಿನೊಳಗೆ ಎಸೆದರು. ಹಮೀದನ ಹೆಸರು, ಅಂಗಡಿ ತಿಳಿದ ಮೇಲಂತೂ ಅವರ ಸಂಭ್ರಮ ಹೇಳತೀರದು. "ನಿಮ್ಮ ತಂದೆಯವರ ಅಂಗಡಿಯಿಂದಲೇ ಅಲ್ವಾ ನನ್ನ ಮಗಳ ಮದುವೆಗೆ ಸೀರೆ ತಂದದ್ದು!" ಎಂದು ಚಾವಡಿಯಲ್ಲಿ ಒಳ್ಳೆಯ ಕುರ್ಚಿಯನ್ನೇ ಅವನಿಗೆ ಹಾಕಿದರು.

ಅಡುಗೆಮನೆಯಲ್ಲಿ ಅತ್ತೆ ಬೂತಾಯಿ ಪುಳಿಮುಂಚಿ, ಅಂದರೆ ಹುಳಿ ಖಾರದ ಸಾರು, ಮಾಡಿದ್ದರು. ಹಮೀದ್ ಅದರ ಪರಿಮಳ ಹಿಡಿದು, ನನ್ನನ್ನು ನೋಡಿ ಕಣ್ಣು ಮಿಟುಕಿಸಿದ್ದ. ಆದರೆ ಮಾವ ಅಷ್ಟರಲ್ಲಿ ಪೇಟೆಗೆ ಆಳು ಓಡಿಸಿ, ಬ್ಯಾರಿ ಮುಸ್ಲಿಮರ ಹೋಟೆಲಿನಿಂದ ಬಿರಿಯಾನಿಯ ಪಾರ್ಸೆಲು ತರಿಸಿದ್ದರು. "ನಮ್ಮಲ್ಲಿಯದ್ದು ನಿಮಗೆ ಆಗ್ಲಿಕ್ಕಿಲ್ಲ. ಸಂಕೋಚ ಮಾಡ್ಬೇಡಿ."

"ಮೀನು ನನಗೆ ಆಗ್ತದೆ" ಎಂದ ಹಮೀದ್ ಮೆಲ್ಲಗೆ.

"ಛೆ ಛೆ, ನೀವು ದಾಕ್ಷಿಣ್ಯಕ್ಕೆ ಹೇಳುವುದು ಬೇಡ."

ಚಾವಡಿಯಲ್ಲಿ ಹೊಸ ಬಾಳೆಯೆಲೆ ಹಾಕಿ, ಅವನೊಬ್ಬನಿಗೇ ಮೊದಲು ಬಡಿಸಿದರು. ಮಾವ ಪಕ್ಕದಲ್ಲಿ ನಿಂತು ಒತ್ತಾಯ ಮಾಡುತ್ತಿದ್ದರು. ನನ್ನನ್ನು ಅತ್ತೆ ಒಳಗೆ ಕರೆದು, "ನೀನು ಮನೆಯವ, ಇಲ್ಲೇ ಕೂತ್ಕೋ" ಎಂದು ಪುಳಿಮುಂಚಿ ಬಡಿಸಿದರು. ಗೋಡೆಯ ಆಚೆ ಅವನು, ಈಚೆ ನಾನು. ಅವನು "ಸಾಕು, ಸಾಕು" ಎನ್ನುವುದು ನನಗೆ ಕೇಳಿಸುತ್ತಿತ್ತು. ಯಾರನ್ನು ಬೈಯುವುದು ಹೇಳಿ? ಅಲ್ಲಿ ಒಬ್ಬರೂ ಒಂದು ಕೆಟ್ಟ ಮಾತು ಆಡಲಿಲ್ಲ. ಯಾರಾದರೂ ಆಡಿದ್ದರೆ ನಾವಿಬ್ಬರೂ ಎದ್ದು, ಚೀಲ ಹಾಕಿಕೊಂಡು ಹೊಳೆಗೆ ಇಳಿಯುತ್ತಿದ್ದೆವೋ ಏನೋ. ಅಷ್ಟು ಉಪಚಾರ ಮಾಡಿದವರ ಹತ್ತಿರ ಜಗಳವಾಡುವುದು ಹೇಗೆ?

ಊಟವಾದ ಮೇಲೆ ಮಾವ ತಾವೇ ಜೀಪು ಓಡಿಸಿ ಹಮೀದನನ್ನು ಬಂಟ್ವಾಳದ ಅವನ ಮನೆಯ ಬಾಗಿಲಿಗೇ ಬಿಟ್ಟರು. ದಾರಿಯುದ್ದಕ್ಕೂ ಅವರದ್ದೇ ಮಾತು. ಇಳಿಯುವಾಗ ಹಮೀದ್ ಅವರಿಗೆ ಕೈ ಮುಗಿದ. ನನ್ನ ಕಡೆ ತಿರುಗಿ, "ಇನ್ನೊಮ್ಮೆ ನೋಡುವ" ಅಂದ. ಆ ಇನ್ನೊಮ್ಮೆ ಬರಲಿಲ್ಲ. ಮುಂದಿನ ರಜೆಗಳು ಒಟ್ಟಿಗೆ ಸಿಗಲಿಲ್ಲ. ಊರಿನ ಹವೆಯೂ ಬದಲಾಗುತ್ತಿತ್ತು. ಯಾರ ಬೈಕಿನ ಹಿಂದೆ ಯಾರು ಕುಳಿತಿದ್ದಾರೆಂದು ನೋಡುವ ಕಣ್ಣುಗಳು ಹೆಚ್ಚಾಗುತ್ತಿದ್ದವು. ಹಬ್ಬಕ್ಕೊಂದು ಫೋನು ಇತ್ತು, ಆಮೇಲೆ ಅದೂ ನಿಂತಿತು. ನಾನು ದುಬೈ ಬಿಟ್ಟು ಬಂದೆ. ಅವನೂ ಬಂದು ತಂದೆಯ ಅಂಗಡಿ ನೋಡಿಕೊಳ್ಳುತ್ತಿದ್ದಾನೆಂದು ಯಾರೋ ಹೇಳಿದರು. ಮೂಡುಬಿದಿರೆಯಿಂದ ಬಂಟ್ವಾಳಕ್ಕೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ನಾನು ಹೋಗಲಿಲ್ಲ, ಅವನು ಬರಲಿಲ್ಲ.

ಮೊನ್ನೆ ಆ ವಾಸನೆ ಬಂದದ್ದೇ, ಕುಳಿತಲ್ಲಿ ಕೂರಲಾಗದೆ ಅವನ ಅಂಗಡಿಯ ನಂಬರು ಹುಡುಕಿ ಫೋನು ಮಾಡಿದೆ. ಎತ್ತಿದ್ದು ಅವನೇ. ಹೆಸರು ಹೇಳಿದೆ.

"ಓ, ನೀವಾ! ಸೌಖ್ಯವಾ? ಮಾವ ಹೇಗಿದ್ದಾರೆ?"

ಆ ಕಡೆ ಗಿರಾಕಿಗಳ ಗಲಾಟೆ ಇತ್ತು. ಹೊಳೆಯ ಬದಿಯಲ್ಲಿ ನಡೆಯುವ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಹೇಳಲು ಏನೋ ತಡೆದು, "ಒಮ್ಮೆ ಸಿಗುವ ಅಂತ" ಅಂದೆ.

"ಅಯ್ಯೋ, ಬನ್ನಿ, ಖಂಡಿತ ಬನ್ನಿ" ಎಂದ ಹಮೀದ್. ಅವನ ದನಿಯಲ್ಲಿ ಕಪಟವಿರಲಿಲ್ಲ, ನಿಜವಾಗಿಯೂ ಸಂತೋಷವಾಗಿತ್ತು. "ಮನೆಗೇ ಬರಬೇಕು, ಊಟಕ್ಕೆ. ಒಂದು ದಿನ ಮೊದಲು ಫೋನ್ ಮಾಡಿ ಆಯ್ತಾ? ನಮ್ಮಲ್ಲಿಯದ್ದು ನಿಮಗೆ ಆಗ್ಲಿಕ್ಕಿಲ್ಲ. ಹೋಟೆಲಿಂದ ಬೇರೆ ತರಿಸಿ ಇಡ್ತೇನೆ, ವೆಜ್."

ಹಮೀದ್, ಮಾರಾಯ, ಎಂದು ಕೂಗಬೇಕೆನಿಸಿತು. "ಛೆ, ನಿಮಗೆ ಯಾಕೆ ಸುಮ್ಮನೆ ತೊಂದರೆ" ಅಂದೆ.

ಫೋನು ಇಟ್ಟಾಗ ಹೆಂಡತಿ ಒಳಗಿನಿಂದ ಯಾರದು ಎಂದು ಕೇಳಿದಳು.

"ಬಂಟ್ವಾಳದವರು ಒಬ್ಬರು, ಬಟ್ಟೆ ಅಂಗಡಿಯವರು. ಊಟಕ್ಕೆ ಕರೆದರು" ಅಂದೆ. ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಾಗಿರಲಿಲ್ಲ.